ಎಲೆಕ್ಷನ್ ಕೆಲಸಕ್ಕೆ ಹೋದ್ರೆ ಯುವನಿಧಿ ನಿಲ್ಲುತ್ತಾ? ಹದಿನೈದು ದಿನದ ಕೂಲಿ, ಎರಡು ವರ್ಷದ ಭತ್ಯೆ: ಲೆಕ್ಕ ಇಲ್ಲಿದೆ

ಚುನಾವಣೆ ಬಂತು ಅಂದ್ರೆ ತಾಲ್ಲೂಕು ಕೇಂದ್ರಗಳಲ್ಲಿ ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ಹುಡುಗ ಹುಡುಗಿಯರಿಗೆ ಒಂದಷ್ಟು ದಿನ ಕೈತುಂಬ ಕೆಲಸ. ಕರಪತ್ರ ಹಂಚೋದು, ಮತದಾರರ ಪಟ್ಟಿ ಹಿಡ್ಕೊಂಡು ಮನೆ ಮನೆ ತಿರುಗೋದು, ಕಂಪ್ಯೂಟರ್‌ನಲ್ಲಿ ಹೆಸರು ಕುಟ್ಟೋದು, ಚೆಕ್‌ಪೋಸ್ಟ್‌ನಲ್ಲಿ ವಿಡಿಯೊ ಮಾಡೋದು, ಬೂತ್ ಮುಂದೆ ಟೇಬಲ್ ಹಾಕ್ಕೊಂಡು ಕೂರೋದು. ದಿನದ ಕೊನೆಗೆ ಕೂಲಿ, ಮಧ್ಯಾಹ್ನಕ್ಕೆ ಊಟ. ಎರಡು ವಾರ, ಹೆಚ್ಚೆಂದರೆ ಮೂರು ವಾರ. ಫಲಿತಾಂಶ ಬಂದ ಮಾರನೇ ದಿನದಿಂದ ಮತ್ತೆ ಖಾಲಿ.

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರವರಿಯಲ್ಲಿ ಮತದಾನ ಆಗಿತ್ತು, ಆ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು. ಗ್ರಾಮ ಪಂಚಾಯಿತಿಗಳಿಗೆ 2020ರ ಡಿಸೆಂಬರ್‌ನಲ್ಲಿ ಎರಡು ಹಂತದಲ್ಲಿ ಚುನಾವಣೆ ನಡೆದಿತ್ತು, ಅದರ ಅವಧಿ ಐದು ವರ್ಷ. ಹಾಗಾಗಿ ಹಳ್ಳಿ ಮಟ್ಟದ ಚುನಾವಣೆ ಮಾತು ಬಂದಾಗಲೆಲ್ಲ ಈ ಕೆಲಸದ ಮಾತೂ ಬರುತ್ತೆ. ಜೊತೆಗೆ ಒಂದು ಪ್ರಶ್ನೆಯೂ ಬರುತ್ತೆ: ಯುವನಿಧಿ ಹಣ ಬರ್ತಿರೋರು ಎಲೆಕ್ಷನ್ ಕೆಲಸ ಮಾಡಿದ್ರೆ ಆ ಹಣ ನಿಂತು ಹೋಗುತ್ತಾ?

ಕೆಲವರು ನಿಂತೇ ಹೋಗುತ್ತೆ ಅಂತಾರೆ, ಇನ್ನು ಕೆಲವರು ಯಾರು ಕೇಳ್ತಾರೆ ಬಿಡಿ ಅಂತಾರೆ. ಎರಡೂ ಪೂರ್ತಿ ಸರಿ ಇಲ್ಲ. ಕೆಲಸ ಯಾವ ತರಹದ್ದು, ಯಾರು ಕೊಟ್ಟಿದ್ದು, ಯಾವ ಕಾಗದದ ಮೇಲೆ ಕೊಟ್ಟಿದ್ದು ಅನ್ನೋದರ ಮೇಲೆ ಉತ್ತರ ನಿಂತಿದೆ.

ನಿಯಮದಲ್ಲಿ ಏನಿದೆ

ಯುವನಿಧಿ ರಾಜ್ಯ ಸರ್ಕಾರದ ಐದನೇ ಗ್ಯಾರಂಟಿ. 2023ರ ಡಿಸೆಂಬರ್ 26ರಂದು ನೋಂದಣಿ ಶುರುವಾಯಿತು, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಸಿಕ್ಕಿತು. ಪದವೀಧರರಿಗೆ ತಿಂಗಳಿಗೆ 3,000 ರೂ., ಡಿಪ್ಲೊಮಾ ಆದವರಿಗೆ 1,500 ರೂ. ಹಣ ನೇರ ಬ್ಯಾಂಕ್ ಖಾತೆಗೆ ಬೀಳುತ್ತೆ. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು, ಕರ್ನಾಟಕದಲ್ಲಿ ಕನಿಷ್ಠ 6 ವರ್ಷ ಓದಿರಬೇಕು. ಗರಿಷ್ಠ ಎರಡು ವರ್ಷ, ಅಥವಾ ಕೆಲಸ ಸಿಗುವವರೆಗೆ. ಯಾವುದು ಮೊದಲೋ ಅಲ್ಲಿಗೆ ಮುಗೀತು.

ಯಾರಿಗೆ ಸಿಗೋದಿಲ್ಲ ಅನ್ನೋ ಪಟ್ಟಿಯಲ್ಲಿ ಮುಖ್ಯವಾಗಿ ನಾಲ್ಕು ಸಾಲು ಇವೆ. ಡಿಗ್ರಿ ಆದ ಮೇಲೆ ಮುಂದೆ ಓದ್ತಿರೋರು. ವೇತನ ಪಡೆಯೋ ಅಪ್ರೆಂಟಿಸ್‌ಗಳು. ಸರ್ಕಾರಿ ಅಥವಾ ಖಾಸಗಿ ಉದ್ಯೋಗದಲ್ಲಿ ಇರೋರು. ಸರ್ಕಾರದ ಯೋಜನೆಯಲ್ಲೋ ಬ್ಯಾಂಕಿನಲ್ಲೋ ಸಾಲ ತಗೊಂಡು ಸ್ವಂತ ಉದ್ಯೋಗ ಮಾಡ್ತಿರೋರು.

ಇದರಲ್ಲಿ 'ದಿನಗೂಲಿ' ಅನ್ನೋ ಪದ ಇಲ್ಲ. 'ತಾತ್ಕಾಲಿಕ ಚುನಾವಣಾ ಕೆಲಸ' ಅನ್ನೋದೂ ಇಲ್ಲ. ಎಷ್ಟು ದಿನ ದುಡಿದರೆ ಅದು ಉದ್ಯೋಗ, ಎಷ್ಟು ರೂಪಾಯಿ ಬಂದರೆ ಅದು ಸಂಬಳ ಅಂತ ಗೆರೆ ಎಳೆದಿಲ್ಲ. ಗೊಂದಲ ಶುರುವಾಗೋದೇ ಇಲ್ಲಿಂದ.

ಗೆರೆ ಇಲ್ಲದಿದ್ದರೂ ಸಹಿ ಮಾತ್ರ ಮಾಡಲೇಬೇಕು. ಫಲಾನುಭವಿ ಸೇವಾಸಿಂಧುವಿನಲ್ಲಿ ಆಗಾಗ ಸ್ವಯಂ ಘೋಷಣೆ ಕೊಡಬೇಕು. ನಾನು ಉದ್ಯೋಗದಲ್ಲಿಲ್ಲ, ಮುಂದೆ ಓದ್ತಿಲ್ಲ, ಸ್ವಯಂ ಉದ್ಯೋಗಿ ಅಲ್ಲ ಅಂತ. ಮೊದಲು ಇದು ತಿಂಗಳಿಗೊಮ್ಮೆ ಇತ್ತು, ಆಮೇಲೆ ಮೂರು ತಿಂಗಳಿಗೊಮ್ಮೆ ಆಯಿತು. ಘೋಷಣೆ ಕೊಡದಿದ್ದರೆ ಹಣ ಬರೋದಿಲ್ಲ. ಕೆಲಸ ಸಿಕ್ಕ ಮೇಲೂ ಹೇಳದೆ ಹಣ ತಗೊಂಡರೆ ದಂಡ ಇದೆ. ಅಂದರೆ 'ಉದ್ಯೋಗ' ಅಂದ್ರೆ ಏನು ಅಂತ ಸರ್ಕಾರ ಬಿಡಿಸಿ ಹೇಳಿಲ್ಲ, ಆದರೆ ಹುಡುಗರು ಅದೇ ಪದಕ್ಕೆ ಸಹಿ ಹಾಕಿ ಜವಾಬ್ದಾರಿ ಹೊರಬೇಕು.

ನಿರುದ್ಯೋಗಿಗಳಿಗೆ ಸಿಗೋ ಎಲೆಕ್ಷನ್ ಕೆಲಸ ಯಾವುದು

ಬೂತ್ ಒಳಗೆ ಕೂರೋ ಮತಗಟ್ಟೆ ಅಧಿಕಾರಿಗಳ ಕೆಲಸ ನಿರುದ್ಯೋಗಿಗಳಿಗೆ ಸಿಗೋದಿಲ್ಲ. ಲೋಕಸಭೆ, ವಿಧಾನಸಭೆ ಚುನಾವಣೆಗೆ ಸಿಬ್ಬಂದಿ ಪಡೆಯೋದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 159ನೇ ಸೆಕ್ಷನ್ ಪ್ರಕಾರ. ಅದರಂತೆ ಸರ್ಕಾರಿ ನೌಕರರು, ಸ್ಥಳೀಯ ಸಂಸ್ಥೆ, ವಿಶ್ವವಿದ್ಯಾಲಯ, ಸರ್ಕಾರಿ ಕಂಪನಿಗಳ ನೌಕರರನ್ನು ಕರೆಸಿಕೊಳ್ಳುತ್ತಾರೆ. ಅವರಿಗೆ ಸಂಬಳ ಮೊದಲೇ ಇದೆ, ಚುನಾವಣಾ ಭತ್ಯೆ ಅದರ ಮೇಲೆ ಬರೋದು. ಅವರ ಮಟ್ಟಿಗೆ ಈ ಪ್ರಶ್ನೆಯೇ ಇಲ್ಲ.

ನಿರುದ್ಯೋಗಿಗಳಿಗೆ ಉಳಿಯೋದು ಹೊರಗಿನ ಕೆಲಸ. ಅದನ್ನು ಮೂರು ಗುಂಪು ಮಾಡಬಹುದು.

ಒಂದು, ಅಭ್ಯರ್ಥಿ ಅಥವಾ ಪಕ್ಷದ ಕೆಲಸ. ಪ್ರಚಾರ, ಚೀಟಿ ಹಂಚಿಕೆ, ಫೋನ್ ಮಾಡೋದು, ವಾಟ್ಸ್ಆ್ಯಪ್ ಗ್ರೂಪ್ ನೋಡಿಕೊಳ್ಳೋದು, ಬೂತ್ ಏಜೆಂಟ್ ಆಗಿ ಕೂರೋದು. ಬಹುಪಾಲು ಕೈಗೆ ಕಾಸು, ಇಲ್ಲವೇ ಫೋನ್‌ಪೇ.

ಎರಡು, ಸರ್ಕಾರ ಗುತ್ತಿಗೆದಾರರ ಮೂಲಕ ಮಾಡಿಸೋ ಕೆಲಸ. ಡೇಟಾ ಎಂಟ್ರಿ, ವೆಬ್‌ಕಾಸ್ಟಿಂಗ್, ಕಣ್ಗಾವಲು ತಂಡದ ಜೊತೆ ವಿಡಿಯೊ, ಮಸ್ಟರಿಂಗ್ ಕೇಂದ್ರದಲ್ಲಿ ಪೆಂಡಾಲು ಮತ್ತು ಊಟದ ವ್ಯವಸ್ಥೆ. ಇಲ್ಲಿ ಕೆಲಸಕ್ಕೆ ಇಟ್ಟುಕೊಳ್ಳೋದು ತಹಸೀಲ್ದಾರ್ ಕಚೇರಿಯಲ್ಲ, ಏಜೆನ್ಸಿ.

ಮೂರು, ಸ್ವಂತ ಸಾಮಾನಿನ ಕೆಲಸ. ಕ್ಯಾಮೆರಾ ಇದ್ದವನು ಕ್ಯಾಮೆರಾ ಸಮೇತ, ಗಾಡಿ ಇದ್ದವನು ಗಾಡಿ ಸಮೇತ ಬಾಡಿಗೆಗೆ ಹೋಗೋದು.

ಮೂರೂ ಹದಿನೈದು ಇಪ್ಪತ್ತು ದಿನದ ಕೆಲಸವೇ. ಆದರೆ ಯುವನಿಧಿ ಮೇಲೆ ಮೂರರ ಪರಿಣಾಮ ಬೇರೆ ಬೇರೆ.

ಪಕ್ಷದ ಕೂಲಿ: ಅಪಾಯ ಕಡಿಮೆ, ಆದರೆ ಸೊನ್ನೆ ಅಲ್ಲ

ನಾಲ್ಕು ದಿನ ಕರಪತ್ರ ಹಂಚಿದವನನ್ನು ಯಾರೂ 'ಉದ್ಯೋಗದಲ್ಲಿದ್ದಾನೆ' ಅನ್ನೋದಿಲ್ಲ. ನೇಮಕಾತಿ ಪತ್ರ ಇಲ್ಲ, ತಿಂಗಳ ಸಂಬಳ ಇಲ್ಲ, ನಾಳೆ ಬಾ ಅನ್ನೋ ಖಾತ್ರಿ ಇಲ್ಲ. ಪಟ್ಟಿಯ ನಾಲ್ಕು ಸಾಲುಗಳಲ್ಲಿ ಯಾವುದಕ್ಕೂ ಇದು ಸಲೀಸಾಗಿ ಹೊಂದೋದಿಲ್ಲ. ಕೂಲಿ ಇಲ್ಲದೆ ಬೂತ್ ಏಜೆಂಟ್ ಆಗಿ ಕೂತವರದ್ದಂತೂ ಉದ್ಯೋಗವೇ ಅಲ್ಲ.

ಹಾಗಂತ ದಾಖಲೆಯೇ ಇರೋದಿಲ್ಲ ಅನ್ನೋದು ತಪ್ಪು. ವಿಧಾನಸಭೆ ಅಭ್ಯರ್ಥಿಗೆ ಖರ್ಚಿನ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ಪ್ರಚಾರದ ಹುಡುಗರಿಗೆ ಕೊಟ್ಟ ಹಣವೂ ಈ ಲೆಕ್ಕದೊಳಗೇ ಬರಬೇಕು. ಫಲಿತಾಂಶ ಬಂದ 30 ದಿನದೊಳಗೆ ಅಭ್ಯರ್ಥಿ ವೋಚರ್ ಸಮೇತ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಕೊಡಬೇಕು. ಒಬ್ಬರಿಗೆ 10,000 ರೂ. ದಾಟಿದರೆ ನಗದು ಕೊಡೋ ಹಾಗಿಲ್ಲ, ಬ್ಯಾಂಕ್ ಮೂಲಕವೇ ಹೋಗಬೇಕು. ಈ ಲೆಕ್ಕ ಗುಟ್ಟಿನದಲ್ಲ, ಸಾರ್ವಜನಿಕರು ನೋಡಬಹುದು.

ಹಾಗಾಗಿ ವೋಚರ್‌ಗೆ ಸಹಿ ಮಾಡೋ ಮುಂಚೆ ಅದರಲ್ಲಿ ಏನು ಬರೆದಿದ್ದಾರೆ ಅಂತ ಓದಬೇಕು. 'ಪ್ರಚಾರ ಕೂಲಿ, ಇಷ್ಟು ದಿನ, ದಿನಕ್ಕೆ ಇಷ್ಟು' ಅಂತಿದ್ದರೆ ಅದು ಕೆಲಸಗಾರನ ಪರವಾದ ಸಾಕ್ಷಿ. 'ಕಚೇರಿ ಸಿಬ್ಬಂದಿ, ಮಾಸಿಕ ವೇತನ' ಅಂತ ಬರೆದು ಸಹಿ ಹಾಕಿಸಿಕೊಂಡರೆ ನಾಳೆ ಯಾರಾದರೂ ತಕರಾರು ಎತ್ತಿದಾಗ ಬಿಡಿಸಿಕೊಳ್ಳೋದು ಕಷ್ಟ.

ಏಜೆನ್ಸಿ ಕೆಲಸ: ಕೇಳಬೇಕಾದ ಪ್ರಶ್ನೆ ಪಿಎಫ್

ಗುತ್ತಿಗೆ ಏಜೆನ್ಸಿ ಮೂಲಕ ಡೇಟಾ ಎಂಟ್ರಿಗೆ ಹೋದಾಗ ಮೊದಲು ಕೇಳೋದು ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್. ಕೆಲವು ಏಜೆನ್ಸಿಗಳು ಕಾನೂನು ಪ್ರಕಾರ ಪಿಎಫ್, ಇಎಸ್‌ಐ ಮಾಡಿಸುತ್ತವೆ. ಮಾಡಿಸೋದು ತಪ್ಪಲ್ಲ, ಕೆಲಸಗಾರರಿಗೆ ಅದು ಹಕ್ಕೇ. ಆದರೆ ಪಿಎಫ್ ಆದ ಕ್ಷಣದಿಂದ ಆಧಾರ್‌ಗೆ ಜೋಡಿಸಿದ ಯುಎಎನ್ ನಂಬರ್ ಹುಟ್ಟುತ್ತೆ, ಅದರಲ್ಲಿ ಉದ್ಯೋಗದಾತರ ಹೆಸರು, ಸೇರಿದ ತಾರೀಕು ದಾಖಲಾಗುತ್ತೆ. ಇದಕ್ಕಿಂತ ಗಟ್ಟಿಯಾದ 'ಖಾಸಗಿ ಉದ್ಯೋಗ'ದ ದಾಖಲೆ ಇನ್ನೊಂದಿಲ್ಲ.

ಇನ್ನೊಂದು ತೊಂದರೆ, ಕೆಲಸ ಇಪ್ಪತ್ತು ದಿನಕ್ಕೆ ಮುಗಿದರೂ ಏಜೆನ್ಸಿ 'ಬಿಟ್ಟ ತಾರೀಕು' ಹಾಕದಿರಬಹುದು. ಆಗ ದಾಖಲೆ ಪ್ರಕಾರ ಆ ಹುಡುಗ ಇನ್ನೂ ಕೆಲಸದಲ್ಲೇ ಇದ್ದಾನೆ! ಏಜೆನ್ಸಿ ಹಾಕದಿದ್ದರೆ ಕೊನೆಯ ವಂತಿಗೆ ಕಟ್ಟಿ ಎರಡು ತಿಂಗಳು ಆದ ಮೇಲೆ ಸದಸ್ಯರೇ ಪಿಎಫ್ ಪೋರ್ಟಲ್‌ನಲ್ಲಿ ಆ ತಾರೀಕು ನಮೂದಿಸಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಇಂಥ ಕೆಲಸದಲ್ಲಿ ಇರೋವಾಗ 'ನಾನು ಉದ್ಯೋಗದಲ್ಲಿಲ್ಲ' ಅಂತ ಸ್ವಯಂ ಘೋಷಣೆ ಒತ್ತೋದು ನೇರವಾಗಿ ಸಮಸ್ಯೆ ತಂದುಕೊಂಡ ಹಾಗೆ. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಮೊದಲೇ ಒಂದು ಅರ್ಜಿ ಕೊಟ್ಟು, ಸ್ವೀಕೃತಿ ಇಟ್ಟುಕೊಂಡು ಮುಂದುವರಿಯೋದು ವಾಸಿ.

ಸಾಲದ ಕ್ಯಾಮೆರಾ: ಇಲ್ಲಿ ಗೊಂದಲವೇ ಇಲ್ಲ

ಮೂರನೇ ಗುಂಪಿನವರು ಅತಿ ಹೆಚ್ಚು ಹುಷಾರಾಗಿರಬೇಕು. ಎಲೆಕ್ಷನ್, ಮದುವೆ ಸೀಸನ್ ನೋಡಿಕೊಂಡು ಮುದ್ರಾ ಸಾಲದಲ್ಲಿ ಕ್ಯಾಮೆರಾ ತಗೊಂಡವನು ಪಟ್ಟಿಯ ನಾಲ್ಕನೇ ಸಾಲಿಗೆ ಸರಿಯಾಗಿ ಬೀಳ್ತಾನೆ. ಬ್ಯಾಂಕ್ ಸಾಲ, ಅದರಿಂದ ಸ್ವಯಂ ಉದ್ಯೋಗ. ಎಷ್ಟು ದಿನ ಕೆಲಸ ಸಿಕ್ಕಿತು, ಎಷ್ಟು ದಿನ ಕ್ಯಾಮೆರಾ ಬ್ಯಾಗಿನಲ್ಲೇ ಇತ್ತು ಅನ್ನೋದು ಲೆಕ್ಕಕ್ಕೆ ಬರೋದಿಲ್ಲ. ಸಾಲ ತಗೋಬಾರದು ಅಂತಲ್ಲ. ಸಾಲ ತಗೊಂಡರೆ ಭತ್ಯೆ ಬಿಟ್ಟ ಹಾಗೆ ಅಂತ ಗೊತ್ತಿದ್ದು ತಗೋಬೇಕು.

ಲೆಕ್ಕ ಹಾಕಿ ನೋಡಿ

ಬಿ.ಕಾಂ. ಮುಗಿಸಿದ ಒಬ್ಬ ಹುಡುಗನಿಗೆ 10 ತಿಂಗಳು ಯುವನಿಧಿ ಬಂದಿದೆ ಅಂದುಕೊಳ್ಳಿ. ಇನ್ನು 14 ತಿಂಗಳು ಬಾಕಿ, ಅಂದರೆ 42,000 ರೂ. ಎಲೆಕ್ಷನ್‌ನಲ್ಲಿ ದಿನಕ್ಕೆ 600ರಂತೆ 15 ದಿನ ದುಡಿದರೆ 9,000 ರೂ. ಅದರಲ್ಲಿ ಪೆಟ್ರೋಲು, ಕಾಫಿ ತಿಂಡಿ ಕಳೆದು ಉಳಿದಷ್ಟು.

9,000ಕ್ಕೆ ಹೋಗಿ 42,000 ಕಳಕೊಳ್ಳೋ ಭಯ ಇದ್ದರೆ ಬುದ್ಧಿವಂತ ಮನೆಯಲ್ಲೇ ಕೂರ್ತಾನೆ. ಇಲ್ಲವೇ ಹೆಸರಿಲ್ಲದೆ, ರಸೀದಿ ಇಲ್ಲದೆ ಕೆಲಸ ಮಾಡ್ತಾನೆ. ಹೆಸರಿಲ್ಲದೆ ಮಾಡಿದವನಿಗೆ ಕೂಲಿ ಬಾಕಿ ಉಳಿದರೆ ಕೇಳೋಕೆ ದಾರಿಯಿಲ್ಲ. ಗೆದ್ದ ಅಭ್ಯರ್ಥಿ ಫೋನ್ ಎತ್ತೋದಿಲ್ಲ, ಸೋತವನು ಊರಲ್ಲೇ ಇರೋದಿಲ್ಲ. ತೀರಾ ಕೈ ಬರಿದಾಗಿ ಮನೆಗೆ ಬಂದವನು ಯಾರ ಮೇಲೂ ದೂರು ಕೊಡಲಾರ, ಯಾಕಂದ್ರೆ ದೂರು ಕೊಟ್ಟರೆ ತಾನು ಕೆಲಸ ಮಾಡಿದ್ದನ್ನು ತಾನೇ ಒಪ್ಪಿಕೊಂಡ ಹಾಗಾಗುತ್ತೆ ಅನ್ನೋ ಅಳುಕು.

ಹುಡುಗರು ಕಳ್ಳದಾರಿ ಹಿಡೀತಾರೆ ಅಂತ ದೂರೋರು ಇದ್ದಾರೆ. ಆದರೆ ತಿಂಗಳಿಗೆ 3,000 ರೂ. ಅಂದರೆ ದಿನಕ್ಕೆ 100 ರೂ. ಅಷ್ಟರಲ್ಲಿ ಬೆಂಗಳೂರಿಗೆ ಒಂದು ಇಂಟರ್‌ವ್ಯೂಗೆ ಹೋಗಿಬರೋ ಬಸ್ ಚಾರ್ಜು, ಅರ್ಜಿ ಶುಲ್ಕ ಕಟ್ಟಿದರೆ ಮಿಕ್ಕೋದು ಕಡಿಮೆ. ಹದಿನೈದು ದಿನದ ಕೂಲಿ ಬಿಟ್ಟುಕೊಡೋ ಸ್ಥಿತಿಯಲ್ಲಿ ಯಾರೂ ಇಲ್ಲ.

ಗಾರ್ಮೆಂಟ್ಸ್ ಬಿಟ್ಟು ಬಂದವರಿಗೆ ಬೇರೆ ನಿಯಮ

ಡಿಗ್ರಿ ಇಲ್ಲದೆ ಫ್ಯಾಕ್ಟರಿಯಲ್ಲಿ ದುಡಿದು ಕೆಲಸ ಕಳಕೊಂಡವರಿಗೂ ಒಂದು ಭತ್ಯೆ ಇದೆ. ಹೆಸರು ಅಟಲ್ ಬಿಮಿತ್ ವ್ಯಕ್ತಿ ಕಲ್ಯಾಣ ಯೋಜನೆ. ಇಎಸ್‌ಐ ನಿಗಮ 2018ರ ಜುಲೈನಿಂದ ಇದನ್ನು ಜಾರಿಗೆ ತಂದಿದೆ, ಅವಧಿಯನ್ನು ಆಗಾಗ ವಿಸ್ತರಿಸುತ್ತಾ ಬಂದಿದೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಭತ್ಯೆಯನ್ನು ಸರಾಸರಿ ದಿನಗೂಲಿಯ ಶೇ 25ರಿಂದ ಶೇ 50ಕ್ಕೆ ಏರಿಸಿತು. ಜೀವಮಾನದಲ್ಲಿ ಒಂದು ಸಲ, ಗರಿಷ್ಠ 90 ದಿನ. ಕನಿಷ್ಠ ಎರಡು ವರ್ಷ ಇಎಸ್‌ಐ ಇರೋ ಕೆಲಸದಲ್ಲಿ ಇದ್ದಿರಬೇಕು, ನಿಗದಿಯಷ್ಟು ದಿನದ ವಂತಿಗೆ ಕಟ್ಟಿರಬೇಕು. ದುರ್ನಡತೆಗೆ ಕೆಲಸದಿಂದ ತೆಗೆದವರಿಗೆ, ಸ್ವಯಂ ನಿವೃತ್ತಿ ತಗೊಂಡವರಿಗೆ ಇಲ್ಲ.

ದಿನಕ್ಕೆ ಸರಾಸರಿ 500 ರೂ. ಸಂಬಳ ಇದ್ದ ಹೆಣ್ಣುಮಗಳಿಗೆ ದಿನಕ್ಕೆ 250 ರೂ.ನಂತೆ 90 ದಿನಕ್ಕೆ 22,500 ರೂ. ಆಗುತ್ತೆ. ಇಲ್ಲಿ ನಿಯಮ ಸ್ವಲ್ಪ ಬಿಡಿಸಿ ಹೇಳಿದೆ. 90 ದಿನದ ಮಧ್ಯೆ ಬೇರೆ ಉದ್ಯೋಗ ಸಿಕ್ಕರೆ, ಕೆಲಸ ಹೋದ ದಿನದಿಂದ ಹೊಸ ಕೆಲಸಕ್ಕೆ ಸೇರಿದ ದಿನದವರೆಗಿನ ಭತ್ಯೆ ಸಿಗುತ್ತೆ. ಅಂದರೆ ಹಿಂದಿನ ದಿನಗಳ ಹಣಕ್ಕೆ ಕುತ್ತಿಲ್ಲ. ಆದರೆ ಏಜೆನ್ಸಿ ಮೂಲಕ ಇಎಸ್‌ಐ ಕಟ್ಟಿಸಿಕೊಂಡು 20 ದಿನದ ಎಲೆಕ್ಷನ್ ಕೆಲಸಕ್ಕೆ ಸೇರಿದರೆ ಅದೇ 'ಹೊಸ ಕೆಲಸ' ಅಂತ ದಾಖಲಾಗುತ್ತೆ. ಜೀವಮಾನಕ್ಕೆ ಒಂದೇ ಸಲ ಸಿಗೋ ಸೌಲಭ್ಯ ಆದ್ದರಿಂದ ಇಎಸ್‌ಐ ಶಾಖಾ ಕಚೇರಿಯಲ್ಲಿ ಕೇಳಿಕೊಂಡೇ ಹೆಜ್ಜೆ ಇಡಬೇಕು.

'ಆ ಪಕ್ಷಕ್ಕೆ ಹೋದ್ರೆ ದುಡ್ಡು ನಿಲ್ಲಿಸ್ತೀವಿ'

ಚುನಾವಣೆ ಸಮಯದಲ್ಲಿ ಹಳ್ಳಿಗಳಲ್ಲಿ ಇಂಥ ಮಾತು ಸುಲಭವಾಗಿ ಹರಡುತ್ತೆ. ಯುವನಿಧಿ ತಗೊಂಡು ಇನ್ನೊಂದು ಪಕ್ಷದ ಬೂತಲ್ಲಿ ಕೂತರೆ ಹೆಸರು ತೆಗೆಸ್ತಾರೆ ಅಂತ. ಇದರಲ್ಲಿ ಹುರುಳಿಲ್ಲ. ಅರ್ಹತೆಯ ಪಟ್ಟಿಯಲ್ಲಿ ಪಕ್ಷದ ಮಾತೇ ಇಲ್ಲ. ಹಣ ಸರ್ಕಾರದ ಖಜಾನೆಯದ್ದು, ಯಾವ ಪಕ್ಷದ ಕಚೇರಿಯದ್ದೂ ಅಲ್ಲ.

ಅಭ್ಯರ್ಥಿಯ ಏಜೆಂಟ್ ಆಗಿ ಕೂರಬಾರದು ಅಂತ ಪ್ರಜಾಪ್ರತಿನಿಧಿ ಕಾಯ್ದೆಯ 134ಎ ಸೆಕ್ಷನ್ ತಡೆಯೋದು ಸರ್ಕಾರಿ ನೌಕರರನ್ನು. ಭತ್ಯೆ ಪಡೆಯೋ ನಿರುದ್ಯೋಗಿ ಸರ್ಕಾರಿ ನೌಕರ ಅಲ್ಲ. ಸೌಲಭ್ಯ ನಿಲ್ಲಿಸ್ತೀವಿ ಅಂತ ಮತದಾರನನ್ನು ಹೆದರಿಸಿದರೆ ಅದು ಅನುಚಿತ ಪ್ರಭಾವ, ಅದೇ ಕಾಯ್ದೆಯ 123ನೇ ಸೆಕ್ಷನ್‌ನಲ್ಲಿ ಭ್ರಷ್ಟ ಆಚರಣೆ. ನೀತಿ ಸಂಹಿತೆ ಬಂದರೂ ಮೊದಲಿನಿಂದ ನಡೀತಿರೋ ಯೋಜನೆಯ ಹಣ ಹಳೇ ಫಲಾನುಭವಿಗಳಿಗೆ ಬರೋದಕ್ಕೆ ಅಡ್ಡಿಯಿಲ್ಲ.

ಒಂದು ಸಾಲು ಸೇರಿಸಿದ್ರೆ ಸಾಕು

ಈ ಸಮಸ್ಯೆ ಇಲ್ಲಿನದ್ದು ಮಾತ್ರವಲ್ಲ. ಅಮೆರಿಕದಲ್ಲಿ ಮತಗಟ್ಟೆ ಕೆಲಸಕ್ಕೆ ಸಾಮಾನ್ಯ ಜನರನ್ನೇ ದಿನಗೂಲಿಗೆ ಕರೀತಾರೆ. ಅಲ್ಲಿಯ ನಿರುದ್ಯೋಗ ವಿಮೆಯ ಕೇಂದ್ರ ಕಾನೂನು ಒಂದು ಮಿತಿ ಹಾಕಿದೆ. ವರ್ಷಕ್ಕೆ 1,000 ಡಾಲರ್‌ಗಿಂತ ಕಡಿಮೆ ಗಳಿಕೆಯ ಚುನಾವಣಾ ಕೆಲಸವನ್ನು ಆ ವಿಮೆಯ ಲೆಕ್ಕಕ್ಕೆ ಬರೋ ಉದ್ಯೋಗ ಅಂತ ರಾಜ್ಯಗಳು ಪರಿಗಣಿಸಲೇಬೇಕು ಅಂತೇನಿಲ್ಲ. ಆ ವಾರದ ಭತ್ಯೆಯಲ್ಲಿ ಗಳಿಕೆ ಎಷ್ಟು ಕಡಿತ ಆಗಬೇಕು ಅನ್ನೋದನ್ನು ಆಯಾ ರಾಜ್ಯದ ನಿಯಮ ಹೇಳುತ್ತೆ. ವಾರದ ಗಳಿಕೆ ಹೇಳಿಕೊಂಡರೆ ಆ ವಾರಕ್ಕೆ ತಕ್ಕಂತೆ ಕಡಿತ, ಮುಂದಿನ ವಾರ ಮತ್ತೆ ಮೊದಲಿನಂತೆ.

ಯುವನಿಧಿಯಲ್ಲಿ ಇರೋದು ಎರಡೇ ಬಾಗಿಲು. ಒಂದೋ ನಿರುದ್ಯೋಗಿ, ಇಲ್ಲವೇ ಉದ್ಯೋಗಿ. ತಾಲ್ಲೂಕಿನ ಬದುಕು ಹಾಗಿಲ್ಲ. ಜಾತ್ರೆಯಲ್ಲಿ ನಾಲ್ಕು ದಿನ, ಸುಗ್ಗಿಯಲ್ಲಿ ಎಂಟು ದಿನ, ಎಲೆಕ್ಷನ್‌ನಲ್ಲಿ ಹದಿನೈದು ದಿನ ದುಡಿಯೋರು ವರ್ಷದ ಉಳಿದ ದಿನ ಕೆಲಸ ಹುಡುಕ್ತಾನೇ ಇರ್ತಾರೆ. ವರ್ಷಕ್ಕೆ ಇಷ್ಟು ದಿನದೊಳಗಿನ ತಾತ್ಕಾಲಿಕ ಕೂಲಿಯನ್ನು ಉದ್ಯೋಗ ಅಂತ ಪರಿಗಣಿಸೋದಿಲ್ಲ ಅಂತ ಕೌಶಲ್ಯಾಭಿವೃದ್ಧಿ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಹುಡುಗರೂ ನಿರಾಳ, ಪರಿಶೀಲನೆ ಮಾಡೋ ಅಧಿಕಾರಿಗಳೂ ನಿರಾಳ. ಘೋಷಣೆಯ ನಮೂನೆಯಲ್ಲೇ 'ಈ ಅವಧಿಯಲ್ಲಿ ತಾತ್ಕಾಲಿಕ ಕೆಲಸ ಮಾಡಿದ್ದೀರಾ, ಎಷ್ಟು ದಿನ' ಅನ್ನೋ ಕಾಲಂ ಇದ್ದರೆ ಸುಳ್ಳು ಹೇಳೋ ಅಗತ್ಯವೇ ಬೀಳೋದಿಲ್ಲ. ಇದಕ್ಕೆ ಸರ್ಕಾರಕ್ಕೆ ಹೆಚ್ಚುವರಿ ಖರ್ಚೂ ಇಲ್ಲ.

ಅಂಗಡಿಯವರು ಗಮನಿಸಬೇಕಾದ್ದು

ಎಲೆಕ್ಷನ್ ಭರಾಟೆಯಲ್ಲಿ ಜೆರಾಕ್ಸ್ ಅಂಗಡಿ, ಪ್ರಿಂಟಿಂಗ್ ಪ್ರೆಸ್, ಸ್ಟುಡಿಯೊ, ಹೋಟೆಲ್‌ನವರೂ ಹೆಚ್ಚುವರಿ ಹುಡುಗರನ್ನು ಇಟ್ಟುಕೊಳ್ತಾರೆ. ಹತ್ತು ದಿನಕ್ಕೆ ಕರೆದವರಿಗೆ ದಿನದ ಲೆಕ್ಕದಲ್ಲೇ ವೋಚರ್ ಬರೀರಿ, ಶುರುವಾದ ದಿನ ಮುಗಿದ ದಿನ ಎರಡನ್ನೂ ಹಾಕಿ. ಸಾಲಕ್ಕೋ ಜಾಮೀನಿಗೋ ಬೇಕು ಅಂತ ಕೇಳಿದರೆಂದು 'ನಮ್ಮಲ್ಲಿ ಖಾಯಂ ಕೆಲಸಗಾರ' ಅನ್ನೋ ಪತ್ರ ಕೊಟ್ಟರೆ ಅದೇ ಪತ್ರ ನಾಳೆ ಆ ಹುಡುಗನ ಭತ್ಯೆಗೆ ಮುಳುವಾಗಬಹುದು. ಮತದಾನದ ದಿನ ಅಂಗಡಿ ಕೆಲಸಗಾರರಿಗೆ, ದಿನಗೂಲಿಯವರಿಗೂ ಸೇರಿ, ಸಂಬಳ ಸಹಿತ ರಜೆ ಕೊಡಬೇಕು ಅಂತ 135ಬಿ ಸೆಕ್ಷನ್ ಹೇಳುತ್ತೆ ಅನ್ನೋದೂ ನೆನಪಿರಲಿ.

ಕೆಲಸಕ್ಕೆ ಹೋಗೋ ಮುನ್ನ

ಭತ್ಯೆ ಪಡೀತಿರೋರು ಇಷ್ಟು ಮಾಡಿಕೊಂಡರೆ ಮುಂದೆ ತಲೆನೋವು ಕಡಿಮೆ. ಕೆಲಸ ಕೊಡೋರು ಅಭ್ಯರ್ಥಿಯೋ, ಏಜೆನ್ಸಿಯೋ, ಅಂಗಡಿಯೋ ಅಂತ ಖಚಿತ ಮಾಡಿಕೊಳ್ಳಿ. ಎಷ್ಟು ದಿನದ ಕೆಲಸ ಅನ್ನೋದು ಬರವಣಿಗೆಯಲ್ಲಿರಲಿ, ಒಂದು ಫೋಟೊ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಏಜೆನ್ಸಿ ಆದರೆ ಪಿಎಫ್, ಇಎಸ್‌ಐ ಮಾಡಿಸ್ತಾರಾ ಕೇಳಿ. ಮಾಡಿಸಿದರೆ ಕೆಲಸ ಬಿಟ್ಟ ತಾರೀಕು ದಾಖಲಾಗುವವರೆಗೆ ಬೆನ್ನು ಬಿಡಬೇಡಿ. ಕೆಲಸದಲ್ಲಿ ಇರೋ ದಿನಗಳಲ್ಲಿ ಗ್ರಾಮ ಒನ್‌ನಲ್ಲಿ ಬೇರೆಯವರ ಕೈಯಲ್ಲಿ ಮೊಬೈಲ್ ಕೊಟ್ಟು ಓದದೆ ಘೋಷಣೆ ಒತ್ತಿಸಬೇಡಿ, ಓಟಿಪಿ ನಿಮ್ಮದು, ಹೊಣೆಯೂ ನಿಮ್ಮದೇ. ಅನುಮಾನ ಇದ್ದರೆ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಕೊಡಿ, ಸೀಲ್ ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. ಬಾಯಿ ಮಾತಲ್ಲಿ 'ಏನಾಗಲ್ಲ ಹೋಗು' ಅಂದವರು ನಾಳೆ ನೋಟಿಸ್ ಬಂದಾಗ ಜೊತೆಗೆ ಬರೋದಿಲ್ಲ, ಸೀಲ್ ಬಿದ್ದ ಕಾಗದ ಮಾತ್ರ ಕೈಯಲ್ಲಿರುತ್ತೆ.